ಹಲವು ದಳ, ಒಂದೇ ರೇಡಿಯೊ ಜಾಲ
ಸಿಡ್ನಿ ನಗರವಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಗ್ನಿಶಾಮಕ, ಆಂಬುಲೆನ್ಸ್ ಮೊದಲಾದ ತುರ್ತು ಸೇವೆಗಳಿಗೆ ‘ಪಬ್ಲಿಕ್ ಸೇಫ್ಟಿ ನೆಟ್‌ವರ್ಕ್’ ಎಂಬ ಸಾಮಾನ್ಯ ರೇಡಿಯೊ ಜಾಲವಿದೆ. ಅದರ ಹೊಣೆ 2011ರಲ್ಲಿ ರಚನೆಯಾದ ಸರ್ಕಾರಿ ಸಂಸ್ಥೆ ಟೆಲ್ಕೊ ಅಥಾರಿಟಿಯದು. ಪ್ರತಿ ಇಲಾಖೆಯೂ ಬೇರೆ ಬೇರೆ ಗೋಪುರ ಕಟ್ಟಿಕೊಂಡರೆ ಖರ್ಚು ಹೆಚ್ಚು. ಕಾಡ್ಗಿಚ್ಚಿನ ಹೊತ್ತಿನಲ್ಲಿ ದಳಗಳು ಪರಸ್ಪರ ಮಾತಾಡುವುದೂ ಕಷ್ಟ.

ಪಿ25 ಎಂಬ ಡಿಜಿಟಲ್ ರೇಡಿಯೊ ಮಾನದಂಡದ ಈ ಜಾಲದಲ್ಲಿ ಚಾನೆಲ್‌ಗಳು ಎಲ್ಲರಿಗೂ ಸೇರಿದವು. ಸಿಬ್ಬಂದಿ ಗುಂಡಿ ಒತ್ತಿದೊಡನೆ ಕಂಪ್ಯೂಟರ್ ಖಾಲಿಯಿರುವ ಚಾನೆಲ್ ಒದಗಿಸುತ್ತದೆ. ಮಾತು ಆಯಾ ಗುಂಪಿಗೆ ಮಾತ್ರ ಕೇಳಿಸುತ್ತದೆ. ದಟ್ಟಣೆ ಹೆಚ್ಚಿದರೆ ಪ್ರಾಣಾಪಾಯದ ಕರೆಗೆ ಮೊದಲ ಆದ್ಯತೆ.

ನಿರ್ವಾಹಕರ ಕೆಲಸ ಗೋಪುರಗಳಿಗಷ್ಟೇ ಸೀಮಿತವಲ್ಲ. ಯಾರು ಯಾವ ಗುಂಪಿನಲ್ಲಿರಬೇಕೆಂಬ ನಿಯಮ ರೂಪಿಸುವುದು, ಕಳೆದುಹೋದ ರೇಡಿಯೊ ಸೆಟ್ ನಿಷ್ಕ್ರಿಯಗೊಳಿಸುವುದು, ಕರೆಂಟ್ ಹೋದಾಗ ಬ್ಯಾಟರಿ, ಜನರೇಟರ್ ಸಿದ್ಧವಿಡುವುದು, ಇಲಾಖೆಗಳ ನಡುವೆ ವೆಚ್ಚ ಹಂಚುವುದು ಇವೆಲ್ಲವೂ ಅದರಲ್ಲಿ ಸೇರುತ್ತವೆ.