ಪಂದ್ಯವನ್ನು ತೊರೆದ ಟೊಯೋಟಾ ಮತ್ತು ನಮ್ಮ ಕೈಗಾರಿಕೆ

ದೊಡ್ಡ ಕಂಪೆನಿಗಳು ಕೀರ್ತಿಗಾಗಿ ಕೈಗೊಂಡ ಕಾರ್ಯವನ್ನು ಆಯವ್ಯಯದ ಲೆಕ್ಕ ಕೆಟ್ಟ ಕೂಡಲೇ ಕೈಬಿಡುವುದು ಆಶ್ಚರ್ಯದ ಸಂಗತಿಯಲ್ಲ. ಆದರೆ ಆ ಕಾರ್ಯದಿಂದ ಹುಟ್ಟಿದ ವಿದ್ಯೆಯು ಅನಂತರ ಯಾರ ಪಾಲಾಗುತ್ತದೆಂಬ ಪ್ರಶ್ನೆಯನ್ನು ನಮ್ಮ ನಾಡಿನವರು ಸಾಕಷ್ಟು ವಿಚಾರಿಸಿದಂತೆ ತೋರುವುದಿಲ್ಲ. ನಮ್ಮ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಜಪಾನಿನ ಟೊಯೋಟಾ ಕಂಪೆನಿಯು 2009ರಲ್ಲಿ ಫಾರ್ಮುಲಾ ಒನ್ ಎಂಬ ಅತ್ಯುಚ್ಚ ಶ್ರೇಣಿಯ ಮೋಟಾರು ಪಂದ್ಯವನ್ನು ತೊರೆದ ವೃತ್ತಾಂತವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಟೊಯೋಟಾ ಈ ಪಂದ್ಯಕ್ಕೆ ಇಳಿದುದು 2002ರಲ್ಲಿ. ಅದರ ಪಂದ್ಯಶಾಲೆ ಜರ್ಮನಿಯ ಕಲೋನ್ ನಗರದಲ್ಲಿತ್ತು. ಇತರರ ಎಂಜಿನನ್ನು ಕೊಳ್ಳದೆ, ಎಂಜಿನನ್ನೂ ಗಾಡಿಯ ಒಡಲನ್ನೂ ತಾನೇ ನಿರ್ಮಿಸಬೇಕೆಂಬುದು ಕಂಪೆನಿಯ ಛಲವಾಗಿತ್ತು. ಎಂಟು ವರ್ಷಗಳಲ್ಲಿ ಅದರ ಗಾಡಿಗಳು 139 ಪಂದ್ಯಗಳಲ್ಲಿ ಓಡಿದವು. 13 ಬಾರಿ ಮೊದಲ ಮೂರು ಸ್ಥಾನಗಳೊಳಗೆ ಬಂದವು. ಗೆಲುವು ಮಾತ್ರ ಒಮ್ಮೆಯೂ ಒಲಿಯಲಿಲ್ಲ. 2009ರ ಆಗಸ್ಟಿನಲ್ಲಿ, 2012ರ ಅಂತ್ಯದವರೆಗೂ ಕಣದಲ್ಲಿರುವೆವೆಂಬ ಒಪ್ಪಂದಕ್ಕೆ ಸಹಿಯಾಯಿತು. ಅದೇ ವರ್ಷ ನವೆಂಬರ್ 4ರಂದು ಕಂಪೆನಿಯ ಅಧ್ಯಕ್ಷ ಅಕಿಯೋ ಟೊಯೋಡ ಅವರು ನಿವೃತ್ತಿಯನ್ನು ಸಾರಿದರು. ತಂಡದ ಮುಖ್ಯಸ್ಥರಾದ ತದಾಶಿ ಯಮಾಶಿನ ಅವರು ಆ ಸಭೆಯಲ್ಲಿ ಪತ್ರಕರ್ತರ ಮುಂದೆಯೇ ಕಣ್ಣೀರಿಟ್ಟರು.

ಕಾರಣವು ಗೂಢವಾದುದಲ್ಲ. ಆ ವರ್ಷದ ಮಾರ್ಚಿಗೆ ಮುಗಿದ ಸಾಲಿನಲ್ಲಿ ಕಂಪೆನಿಗೆ ಸುಮಾರು 43,700 ಕೋಟಿ ಯೆನ್ನುಗಳ ನಿವ್ವಳ ನಷ್ಟವಾಗಿತ್ತು. 1950ರ ತರುವಾಯ ಅದು ಕಂಡ ಮೊದಲನೆಯ ವಾರ್ಷಿಕ ನಷ್ಟ ಅದು. ಜಗತ್ತಿನ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿದ್ದುದು ಟೊಯೋಟಾ ಒಂದೇ ಅಲ್ಲ. 2008ರ ಡಿಸೆಂಬರಿನಲ್ಲಿ ಹೋಂಡಾ, 2009ರ ಜುಲೈಯಲ್ಲಿ ಬಿ.ಎಂ.ಡಬ್ಲ್ಯು., ನವೆಂಬರಿನಲ್ಲಿ ಟೊಯೋಟಾ, ಹೀಗೆ ಒಂದು ವರ್ಷದೊಳಗೆ ಮೂರು ಕಂಪೆನಿಗಳು ಕಣವನ್ನು ಬಿಟ್ಟವು. ಮನೆಯಲ್ಲಿ ಅಕ್ಕಿ ಮುಗಿದಿರುವಾಗ ಬಾಣಬಿರುಸು ಸುಡುವುದು ವಿವೇಕವಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ.

ಆದರೆ ಮುಂದಿನ ಕಥೆಯೇ ಮನನೀಯವಾದುದು. ಹೋಂಡಾ ತೊರೆದ ಪಂದ್ಯಶಾಲೆಯು ಇಂಗ್ಲೆಂಡಿನ ಬ್ರ್ಯಾಕ್ಲಿ ಎಂಬ ಊರಿನಲ್ಲಿತ್ತು. ಅದನ್ನು ರಾಸ್ ಬ್ರಾನ್ ಎಂಬ ಎಂಜಿನಿಯರು ಒಂದು ಪೌಂಡಿನ ನಾಮಮಾತ್ರ ಬೆಲೆಗೆ ಪಡೆದರು. ಹೋಂಡಾದ ಹಣದಿಂದ ರೂಪುಗೊಂಡಿದ್ದ ಗಾಡಿಗೆ ಮರ್ಸಿಡಿಸ್ ಎಂಜಿನನ್ನು ಜೋಡಿಸಿ, 2009ರಲ್ಲಿ ಚಾಲಕರ ಪ್ರಶಸ್ತಿಯನ್ನೂ ತಯಾರಕರ ಪ್ರಶಸ್ತಿಯನ್ನೂ ಗೆದ್ದರು. ಆ ಶಾಲೆಯನ್ನು ಮರ್ಸಿಡಿಸ್ ಕೊಂಡಿತು. 2014ರಿಂದ 2021ರವರೆಗೆ ಸತತವಾಗಿ ಎಂಟು ಬಾರಿ ತಯಾರಕರ ಪ್ರಶಸ್ತಿ ಅಲ್ಲಿಗೇ ಸಂದಿತು. ಯಜಮಾನರು ಬದಲಾದರು, ಬ್ರ್ಯಾಕ್ಲಿಯ ಕುಶಲತೆ ಬ್ರ್ಯಾಕ್ಲಿಯಲ್ಲಿಯೇ ಉಳಿಯಿತು. ಟೊಯೋಟಾ ತನ್ನ ಕಲೋನ್ ಶಾಲೆಯನ್ನು ಮಾರಲಿಲ್ಲ. ಅಲ್ಲಿಯ ಗಾಳಿ ಸುರಂಗಗಳನ್ನು ಇತರರಿಗೆ ಬಾಡಿಗೆಗೆ ಕೊಟ್ಟು, ಕೆಲಸಗಾರರ ಒಂದು ಭಾಗವನ್ನಾದರೂ ಉಳಿಸಿಕೊಂಡು, 2012ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಪಂದ್ಯಕ್ಕೆ ಮರಳಿತು. 2018ರಿಂದ ಐದು ವರ್ಷ ಸತತವಾಗಿ ಗೆದ್ದಿತು. ಹೀಗೆ ಹಿಂದೆ ಸರಿದವರಿಗೆ ಪುನಃ ಮುಂದೆ ಬರಲು ಶಕ್ತಿಯನ್ನು ಕೊಟ್ಟುದು ಉಳಿದುಕೊಂಡ ಕರ್ಮಶಾಲೆಯೇ ಹೊರತು ಬಾವುಟವಲ್ಲ.

ಈಗ ನಮ್ಮ ಕಡೆಗೆ ನೋಡೋಣ. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಅವರು 2008ರಲ್ಲಿ ಫೋರ್ಸ್ ಇಂಡಿಯಾ ಎಂಬ ತಂಡವನ್ನು ಇದೇ ಕಣಕ್ಕೆ ತಂದರು. ಭಾರತದ ಹೆಸರು, ಭಾರತದ ಬಣ್ಣ! ಆದರೆ ಶಾಲೆ ಇದ್ದುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. 2018ರ ಜುಲೈಯಲ್ಲಿ ತಂಡವು ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ವಶವಾಯಿತು. ಬೇರೆಯವರು ಅದನ್ನು ಕೊಂಡರು. 2021ರಿಂದ ಅದಕ್ಕೆ ಆಸ್ಟನ್ ಮಾರ್ಟಿನ್ ಎಂಬ ಹೆಸರಾಯಿತು. ಯಂತ್ರಗಳೂ ಕುಶಲಿಗಳೂ ಸಿಲ್ವರ್‌ಸ್ಟೋನಿನಲ್ಲಿಯೇ ಉಳಿದರು. ಬೆಂಗಳೂರಿಗೆ ಒಂದು ತಿರುಗುಮೊಳೆಯೂ ಬರಲಿಲ್ಲ. ದೇಶದ ಹೆಸರನ್ನು ಗಾಡಿಯ ಮೇಲೆ ಬರೆಸಿದ ಮಾತ್ರಕ್ಕೆ ದೇಶದ ವಿದ್ಯೆ ಬೆಳೆಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬಿಡದಿಯ ವಿಷಯದಲ್ಲಿ ನ್ಯಾಯವಾದ ಮಾತನ್ನು ಹೇಳದಿರಲಾಗದು. ಟೊಯೋಟಾ ಮತ್ತು ಕಿರ್ಲೋಸ್ಕರರ ಕೂಡು ಕಂಪೆನಿಯು 1997ರಲ್ಲಿ ಸ್ಥಾಪಿತವಾಗಿ, 1999ರ ಕೊನೆಯಿಂದ ಅಲ್ಲಿ ಗಾಡಿಗಳನ್ನು ತಯಾರಿಸತೊಡಗಿತು. ಪಂದ್ಯವನ್ನು ನಿಲ್ಲಿಸಿದ ಮರುವರ್ಷವೇ, ಅಂದರೆ 2010ರಲ್ಲಿ, ಎರಡನೆಯ ಕಾರ್ಖಾನೆಯೂ ಎಟಿಯೋಸ್ ಕಾರೂ ಸಿದ್ಧವಾದುವು. 2007ರಲ್ಲಿ ಆರಂಭವಾದ ಅಲ್ಲಿಯ ತಾಂತ್ರಿಕ ತರಬೇತಿ ಶಾಲೆಯು ನಮ್ಮ ಹಳ್ಳಿಗಳ ಬಡ ಮಕ್ಕಳಿಗೆ ಊಟ ವಸತಿಗಳೊಡನೆ ಕಸುಬನ್ನು ಕಲಿಸಿದೆ. ಪಂದ್ಯದ ಆಡಂಬರಕ್ಕಿಂತ ಇದು ಸಾವಿರ ಪಾಲು ಮೇಲೆಂದು ಯಾರಾದರೂ ಹೇಳಿದರೆ ನಾವು ಎದುರಾಡುವುದಿಲ್ಲ. ಆದರೂ ಒಂದು ಕೊರತೆಯುಂಟು. ಗಾಡಿಯನ್ನು ಜೋಡಿಸುವ ವಿದ್ಯೆ ಬೇರೆ, ಕಲ್ಪಿಸುವ ವಿದ್ಯೆ ಬೇರೆ. ಬಿಡದಿ ನಮಗೆ ಮೊದಲನೆಯದನ್ನು ಧಾರಾಳವಾಗಿ ಕೊಟ್ಟಿದೆ. ಕಲೋನ್ ಬೆಳೆಸಿಕೊಂಡುದು ಎರಡನೆಯದನ್ನು.

ನಮ್ಮವರಿಗೆ ಆ ಯೋಗ್ಯತೆ ಇಲ್ಲವೆಂಬ ವಾದವನ್ನು ನಾವು ಒಪ್ಪಲಾರೆವು. ಮರ್ಸಿಡಿಸ್ ಕಂಪೆನಿಯು 1996ರಲ್ಲಿಯೇ ತನ್ನ ಸಂಶೋಧನಾ ಸಂಸ್ಥೆಯೊಂದನ್ನು ಬೆಂಗಳೂರಿನಲ್ಲಿ ತೆರೆದುದು ಇಲ್ಲಿಯ ಬುದ್ಧಿಬಲವನ್ನು ಅರಿತೇ. ಕೈಬಲದ ಸಾಕ್ಷಿ ಬೇಕೆನ್ನುವವರು ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳನ್ನು ದಾಟಿ ಹೇರೋಹಳ್ಳಿಯವರೆಗೆ ಹೋಗಿ ಬರಲಿ. ಪೀಣ್ಯದ ಬೆನ್ನಿಗಿರುವ ಆ ಬೀದಿಗಳಲ್ಲಿ, ತಗಡಿನ ಮಾಡಿನ ಕೆಳಗೆ ಎರಡು ಮೂರು ಲೇತುಗಳನ್ನಿಟ್ಟುಕೊಂಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಲೋಹವನ್ನು ಕಡೆಯುವವರಿದ್ದಾರೆ. ಆದರೆ ನಕ್ಷೆ ಬರುವುದು ಮೇಲಿನಿಂದ. ಬೇಡಿಕೆ ನಿಲ್ಲುವುದೂ ಮೇಲಿನ ಅಪ್ಪಣೆಯಿಂದಲೇ. ದೂರದೇಶದ ಆಡಳಿತ ಮಂಡಲಿಯು ಒಂದು ಬೆಳಗ್ಗೆ ಕೈಗೊಂಡ ನಿರ್ಣಯವು ಹೇರೋಹಳ್ಳಿಯ ಲೇತನ್ನು ನಿಲ್ಲಿಸಬಲ್ಲದು. ಅದನ್ನು ತಡೆಯುವ ಶಕ್ತಿ ಲೇತಿನವನಿಗಿಲ್ಲ. 2021ರಲ್ಲಿ ಫೋರ್ಡ್ ಕಂಪೆನಿಯು ಭಾರತದಲ್ಲಿ ಗಾಡಿಗಳ ತಯಾರಿಕೆಯನ್ನು ನಿಲ್ಲಿಸುವೆನೆಂದು ಸಾರಿದಾಗ ಇಂತಹ ಭಯವು ಕೇವಲ ಕಲ್ಪನೆಯಲ್ಲವೆಂಬುದು ಎಲ್ಲರಿಗೂ ವಿದಿತವಾಯಿತು.

ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಭಾರತೀಯರದೇ ಆದ ಮೋಟಾರು ಕಾರ್ಖಾನೆಗೆ ಯೋಜನೆಯನ್ನು ರಚಿಸಿ, ಅದಕ್ಕಾಗಿ ಯುರೋಪು ಅಮೆರಿಕಗಳನ್ನು ಸುತ್ತಿ ಬಂದಿದ್ದರು. ಅಂದು ಪರಸರ್ಕಾರದ ಉಪೇಕ್ಷೆ ಅಡ್ಡಬಂದಿತು. ಇಂದು ಆ ನೆವವನ್ನು ಹೇಳುವಂತಿಲ್ಲ.

ಆದಕಾರಣ ಸರ್ಕಾರಕ್ಕೆ ನಮ್ಮ ಸಲಹೆಯಿಷ್ಟು. ಹೊರಗಿನ ಕಂಪೆನಿಗಳಿಗೆ ಭೂಮಿಯನ್ನೂ ತೆರಿಗೆಯ ರಿಯಾಯಿತಿಯನ್ನೂ ಕೊಡುವಾಗ ಎಷ್ಟು ಮಂದಿಗೆ ಉದ್ಯೋಗ ದೊರೆಯುವುದೆಂದು ಕೇಳುವುದರ ಜೊತೆಗೆ, ತಾವು ಹೊರಟುಹೋದ ದಿನ ಇಲ್ಲಿ ಏನು ಉಳಿಯುವುದೆಂದೂ ಕೇಳಬೇಕು. ಗಾಳಿ ಸುರಂಗ, ಎಂಜಿನ್ ಪರೀಕ್ಷಾಲಯ, ಲೋಹ ಪರೀಕ್ಷಾಲಯ ಮೊದಲಾದುವನ್ನು ಸಾರ್ವಜನಿಕ ಸ್ವತ್ತಾಗಿ ಕಟ್ಟಿ, ಮಾಗಡಿ ರಸ್ತೆಯ ಸಣ್ಣ ಕಾರ್ಖಾನೆಯವನಿಗೂ ಕಾಲೇಜಿನ ವಿದ್ಯಾರ್ಥಿಗೂ ಅಲ್ಪ ಬಾಡಿಗೆಗೆ ತೆರೆದಿಡಬೇಕು. ಕಂಪೆನಿಗಳು ಬರಲಿ, ಪಂದ್ಯವಾಡಲಿ, ಬೇಡವೆನಿಸಿದಾಗ ಬಿಡಲಿ. ಅದು ಅವರ ಇಚ್ಛೆ. ಅವರು ಬಿಟ್ಟಾಗ ನಮ್ಮ ಕೈ ಬರಿದಾಗದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.