ಔಷಧವನ್ನು ಹೊರದೂಡುವ ಜೀವಕೋಶ

ಯಾರೂ ನೀರೆರೆಯದಿದ್ದರೂ ವರ್ಷವಿಡೀ ಅಂಗಳದಲ್ಲಿ ಅರಳುವ ನಿತ್ಯಪುಷ್ಪದ ಗಿಡವು ಕ್ಯಾನ್ಸರ್ ರೋಗಕ್ಕೆ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಎರಡು ಅಮೂಲ್ಯ ಔಷಧಗಳನ್ನು ಒದಗಿಸಿದೆ. ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಅವಶ್ಯವಾದುದು. ಆದರೆ ಕೆಲವು ರೋಗಿಗಳಲ್ಲಿ ಔಷಧದಿಂದ ಮೊದಲು ಕರಗಿದ ಗಂತಿಯು ಕೆಲಕಾಲದ ತರುವಾಯ ಮರಳಿ ಬೆಳೆಯುತ್ತದೆ. ಆಗ ಅದೇ ಔಷಧದಿಂದ ಫಲ ದೊರೆಯುವುದಿಲ್ಲ. ಅದಕ್ಕಿಂತಲೂ ವಿಸ್ಮಯದ ಸಂಗತಿಯೆಂದರೆ, ರೋಗಿಯು ಅದುವರೆಗೆ ಸೇವಿಸಿಯೇ ಇರದ ಅನ್ಯ ಔಷಧಗಳೂ ನಿಷ್ಫಲವಾಗುವುದು. ವೈದ್ಯರ ಹಲವು ಅಸ್ತ್ರಗಳು ಒಮ್ಮೆಲೇ ಮೊಂಡಾಗುವ ಈ ಸ್ಥಿತಿಯನ್ನು ಬಹು-ಔಷಧ ನಿರೋಧವೆಂದು ಕರೆಯುತ್ತಾರೆ.

ಇದರ ಮೊದಲ ಸುಳಿವು ದೊರೆತುದು 1973ರಲ್ಲಿ. ಡೆನ್ಮಾರ್ಕಿನ ಕೆಲ್ಡ್ ಡಾನೋ ಅವರು ಇಲಿಯ ಕ್ಯಾನ್ಸರ್ ಕೋಶಗಳನ್ನು ಪರೀಕ್ಷಿಸಿದಾಗ, ನಿರೋಧ ಪಡೆದ ಕೋಶಗಳು ಒಳಬಂದ ಔಷಧವನ್ನು ಶಕ್ತಿ ವ್ಯಯಿಸಿ ಹೊರಗೆ ತಳ್ಳುತ್ತಿದ್ದುದು ಕಂಡುಬಂದಿತು. 1976ರಲ್ಲಿ ಕೆನಡಾದ ಜೂಲಿಯಾನೋ ಮತ್ತು ವಿಕ್ಟರ್ ಲಿಂಗ್ ಅವರು ಕಾಲ್ಚಿಸಿನ್ ವಿಷಕ್ಕೆ ಜಗ್ಗದ ಕೋಶಗಳ ಪೊರೆಯಲ್ಲಿ ಸುಮಾರು 1,70,000 ಅಣುತೂಕದ ಪ್ರೋಟೀನೊಂದನ್ನು ಗುರುತಿಸಿದರು. (ಈ ಕಾಲ್ಚಿಸಿನ್ ಮಲೆನಾಡಿನ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಉಂಟು.) ಅದಕ್ಕೆ ಪಿ-ಗ್ಲೈಕೋಪ್ರೋಟೀನ್ ಎಂಬ ಹೆಸರಾಯಿತು. ಇದನ್ನು ನಿರ್ಮಿಸುವ ಮಾನವ ವಂಶವಾಹಿಯು 1986ರಲ್ಲಿ ಬೆಳಕಿಗೆ ಬಂದಿತು. 7ನೆಯ ವರ್ಣತಂತುವಿನಲ್ಲಿರುವ ಅದನ್ನು ಮೊದಲು ಎಂಡಿಆರ್-1 ಎಂದು ಕರೆದರು. ಇಂದಿನ ಹೆಸರು ಎಬಿಸಿಬಿ-1.

ತೂತುಬಿದ್ದ ದೋಣಿಯಲ್ಲಿ ಕುಳಿತು ನೀರನ್ನು ಮೊಗೆದು ಮೊಗೆದು ಹೊರಚೆಲ್ಲುವ ಅಂಬಿಗನಂತೆ ಈ ಪ್ರೋಟೀನು ವರ್ತಿಸುತ್ತದೆ. ಎಟಿಪಿ ಎಂಬ ವಸ್ತುವಿನಿಂದ ಅದಕ್ಕೆ ಶಕ್ತಿ ಒದಗುತ್ತದೆ. ಅದು ಔಷಧದ ಜಾತಿಯನ್ನು ವಿಚಾರಿಸುವುದಿಲ್ಲ. ಜಿಡ್ಡಿನಲ್ಲಿ ಕರಗುವ ಸ್ವಭಾವದ ಹಲವು ಅಣುಗಳನ್ನು ಪೊರೆಯಲ್ಲಿಯೇ ಹಿಡಿದು ಹೊರಹಾಕುತ್ತದೆ. ಆದುದರಿಂದಲೇ ವಿನ್‌ಕ್ರಿಸ್ಟಿನ್, ಡಾಕ್ಸೊರುಬಿಸಿನ್, ಟ್ಯಾಕ್ಸಾಲ್ ಮುಂತಾದ, ರಚನೆಯಲ್ಲಿ ಪರಸ್ಪರ ಸಂಬಂಧವಿಲ್ಲದ ಔಷಧಗಳು ಒಟ್ಟಿಗೆ ಸೋಲುತ್ತವೆ. ಗಂತಿಯ ಅಸಂಖ್ಯ ಕೋಶಗಳಲ್ಲಿ ಈ ಪಂಪು ಹೆಚ್ಚಾಗಿರುವ ಕೆಲವು ಕೋಶಗಳಿದ್ದರೆ, ಉಳಿದವು ಚಿಕಿತ್ಸೆಯಿಂದ ಅಳಿದ ಮೇಲೆ ಅವೇ ಬೆಳೆದು ಗಂತಿಯನ್ನು ತುಂಬುತ್ತವೆ. ಇದೇ ಕುಲದ ಇನ್ನೆರಡು ಪಂಪುಗಳು 1992 ಮತ್ತು 1998ರಲ್ಲಿ ಪತ್ತೆಯಾದವು.

ಇಂತಹ ಅಪಾಯಕರ ವಂಶವಾಹಿಯನ್ನು ದೇಹವು ಏಕೆ ಇರಿಸಿಕೊಂಡಿದೆ? ಉತ್ತರವು ಆಮ್‌ಸ್ಟರ್ಡ್ಯಾಮಿನ ಸಂಶೋಧನಾಲಯವೊಂದರಲ್ಲಿ ಬಹುಮಟ್ಟಿಗೆ ಆಕಸ್ಮಿಕವಾಗಿ ದೊರೆಯಿತು. ಅಲ್ಲಿ ಈ ಪಂಪಿನ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸಲಾಗಿತ್ತು. ನೋಡಲು ಅವು ಆರೋಗ್ಯವಾಗಿಯೇ ಇದ್ದವು. ಒಮ್ಮೆ ನುಸಿಯ ಕಾಟಕ್ಕೆಂದು ಎಲ್ಲ ಇಲಿಗಳಿಗೂ ಐವರ್ಮೆಕ್ಟಿನ್ ಸಿಂಪಡಿಸಿದಾಗ ಸಾಮಾನ್ಯ ಇಲಿಗಳಿಗೆ ಏನೂ ಆಗಲಿಲ್ಲ. ಪಂಪಿಲ್ಲದ ಇಲಿಗಳು ಸತ್ತವು. ಔಷಧವು ಅವುಗಳ ಮಿದುಳನ್ನು ಹೊಕ್ಕಿತ್ತು. 1994ರಲ್ಲಿ ಪ್ರಕಟವಾದ ಈ ವರದಿಯಿಂದ, ಮಿದುಳಿನ ರಕ್ತನಾಳಗಳಲ್ಲಿ ಈ ಪಂಪು ದ್ವಾರಪಾಲಕನಂತೆ ನಿಂತಿರುವುದು ಸ್ಪಷ್ಟವಾಯಿತು. ಕರುಳು, ಯಕೃತ್ತು, ಮೂತ್ರಪಿಂಡಗಳಲ್ಲಿಯೂ ಅದು ಆಹಾರದೊಡನೆ ಬರುವ ವಿಷವನ್ನು ಹೊರಗಟ್ಟುತ್ತದೆ. ಆ ಅಂಗಗಳಲ್ಲಿ ಹುಟ್ಟುವ ಕ್ಯಾನ್ಸರುಗಳು ಅನೇಕ ವೇಳೆ ಮೊದಲಿನಿಂದಲೇ ಔಷಧಕ್ಕೆ ಬಗ್ಗದಿರುವುದಕ್ಕೆ ಇದೂ ಒಂದು ಕಾರಣ. ಕ್ಯಾನ್ಸರು ಹೊಸದೇನನ್ನೂ ಕಂಡುಹಿಡಿದುದಲ್ಲ. ದೇಹದ ಕಾವಲುಗಾರನನ್ನೇ ತನ್ನ ಸೇವೆಗೆ ಇರಿಸಿಕೊಂಡಿತು.

ಪಂಪನ್ನು ತಡೆದರೆ ಸಾಲದೇ ಎಂಬ ಯೋಚನೆ ಸಹಜವಾದುದು. 1981ರಲ್ಲಿ ಜಪಾನಿನ ತ್ಸುರುವೊ ಅವರು, ಹೃದ್ರೋಗಕ್ಕೆ ಕೊಡುವ ವೆರಪಮಿಲ್ ಎಂಬ ಔಷಧವು ನಿರೋಧ ಪಡೆದ ಕೋಶಗಳನ್ನು ಮತ್ತೆ ವಿನ್‌ಕ್ರಿಸ್ಟಿನ್‌ಗೆ ಮಣಿಸುವುದೆಂದು ತೋರಿಸಿದರು. ಮನುಷ್ಯರಲ್ಲಿ ಮಾತ್ರ ಅದಕ್ಕೆ ಬೇಕಾದ ಪ್ರಮಾಣವು ಹೃದಯಕ್ಕೇ ಹಾನಿಕರವಾಯಿತು. ತರುವಾಯ ಬಂದ ವಾಲ್ಸ್ಪೊಡಾರ್ ಹೆಚ್ಚು ಸಮರ್ಥವಾಗಿತ್ತು. ಆದರೆ ಅದನ್ನು ಕೊಟ್ಟಾಗ ಕ್ಯಾನ್ಸರ್ ಔಷಧಗಳು ದೇಹದಿಂದ ಬೇಗ ವಿಸರ್ಜನೆಯಾಗದೆ ರಕ್ತದಲ್ಲಿಯೇ ಉಳಿಯತೊಡಗಿದುದರಿಂದ, ಅವುಗಳ ಪ್ರಮಾಣವನ್ನೇ ತಗ್ಗಿಸಬೇಕಾಯಿತು. ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷಿಸಿದ ಲಾಭವು ಕಾಣಲಿಲ್ಲ. ಕಳ್ಳನ ಮನೆಯ ಕಾವಲುಗಾರನನ್ನು ಮಲಗಿಸಹೋಗಿ ಊರಿನ ಕಾವಲುಗಾರರನ್ನೆಲ್ಲ ಮಲಗಿಸಿದಂತಾಯಿತು. ಕೋಶಗಳಿಗೆ ನಿರೋಧದ ಬೇರೆ ಮಾರ್ಗಗಳೂ ಉಂಟೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಸಿಸ್‌ಪ್ಲಾಟಿನ್‌ನಂತಹ ಕೆಲವು ಔಷಧಗಳನ್ನು ಈ ಪಂಪು ಹಿಡಿಯಲಾರದು. ಹೊಸ ಔಷಧವೊಂದನ್ನು ಸಿದ್ಧಪಡಿಸುವವರು ಅದನ್ನು ಪಿ-ಗ್ಲೈಕೋಪ್ರೋಟೀನ್ ಹೊರದೂಡುವುದೇ ಎಂಬುದನ್ನು ಇಂದು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿ ನೋಡುತ್ತಾರೆ.