ಸಿಗಡಿಗೆ ತೌರುಮನೆ ಈ ಕಾಂಡ್ಲಾ

ಪೇಟೆಯಲ್ಲಿ ಸಿಗಡಿಯ ದರ ಕೇಳಿ, ಬುಟ್ಟಿಯನ್ನು ನೋಡಿಯೂ ನೋಡದವರಂತೆ ಮುಂದೆ ಹೋಗುವ ಕಾಲ ಬಂದಿದೆ, ಅಲ್ಲವೇ? "ಮೊದಲಿನ ಹಾಗೆ ಮೀನೆಲ್ಲಿದೆ ಅಮ್ಮಾ" ಅಂತ ಮಾರುವವಳೂ ನಿಟ್ಟುಸಿರು ಬಿಡುತ್ತಾಳೆ. ದೊಡ್ಡ ದೋಣಿ, ಸಣ್ಣ ಕಣ್ಣಿನ ಬಲೆ ಅಂತ ಕಾರಣಗಳೇನೋ ಹತ್ತಾರು ಇವೆ. ಆದರೆ ಕಡಲ ಮೀನಿನ ಕಥೆ ಎಷ್ಟೋ ಸಲ ಶುರುವಾಗುವುದು ಕಡಲಿನಲ್ಲಲ್ಲ, ಹೊಳೆಯ ಬಾಯಿಯ ಕೆಸರಿನಲ್ಲಿ. ಆ ಕೆಸರನ್ನು ಹಿಡಿದು ನಿಂತಿರುವ ಒಂದು ಗಿಡದ ವಿಷಯ ನಿಮಗೆ ಹೇಳಬೇಕು.

ನಮ್ಮ ಕಡೆ ಅದಕ್ಕೆ ಕಾಂಡ್ಲಾ ಅನ್ನುತ್ತಾರೆ. ಪುಸ್ತಕದಲ್ಲಿ ಮ್ಯಾಂಗ್ರೋವ್. ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ನಮ್ಮ ಕುಮಟಾದ ಅಘನಾಶಿನಿ, ಕಾರವಾರದ ಕಾಳಿ, ಇಂಥ ಹೊಳೆಗಳ ಸಿಹಿನೀರು ಕಡಲಿನ ಉಪ್ಪುನೀರಿಗೆ ಬೆರೆಯುವ ಅಳಿವೆಗಳಲ್ಲಿ ಇದು ಬೆಳೆಯುತ್ತದೆ. ಘಟ್ಟದ ಮೇಲಿನ ಸೋದರಿಯರು ಬಸ್ಸಿನಲ್ಲಿ ಸೇತುವೆ ದಾಟುವಾಗ ಖಂಡಿತ ನೋಡಿರುತ್ತೀರಿ, ಪೊದೆ ಅಂದುಕೊಂಡು ಸುಮ್ಮನಾಗಿರುತ್ತೀರಿ.

ಹಿತ್ತಲಿನ ಮಲ್ಲಿಗೆಗೆ ದಿನವೂ ಒಂದು ಚೊಂಬು ಉಪ್ಪುನೀರು ಹಾಕಿದರೆ ಅದರ ಗತಿ ಏನಾದೀತು ಹೇಳಿ. ಕಾಂಡ್ಲಾ ಹುಟ್ಟಿದಂದಿನಿಂದ ಅದೇ ನೀರು ಕುಡಿದು ಹಸಿರಾಗಿರುತ್ತದೆ. ಬಹುಪಾಲು ಉಪ್ಪನ್ನು ಬೇರಿನಲ್ಲೇ ಜರಡಿ ಹಿಡಿದು ಹೊರಗಿಡುತ್ತದೆ. ಕೆಲವು ಜಾತಿಗಳಂತೂ ಒಳಗೆ ಬಂದ ಉಪ್ಪನ್ನು ಎಲೆಯ ಮೂಲಕ ಬೆವರಿನಂತೆ ಹೊರಹಾಕುತ್ತವೆ. ಆ ಎಲೆ ನೆಕ್ಕಿದರೆ ನಾಲಿಗೆಗೆ ಉಪ್ಪು ಹತ್ತುತ್ತದೆ. ಕೆಸರಿನೊಳಗೆ ಗಾಳಿ ಇಲ್ಲವಲ್ಲ, ಅದಕ್ಕೆ ಕೆಲವು ಗಿಡಗಳ ಬೇರು ಪೆನ್ಸಿಲಿನ ಹಾಗೆ ನೆಲದಿಂದ ಮೇಲೆದ್ದು ಉಸಿರಾಡುತ್ತವೆ. ಇನ್ನು ಕೆಲವು ಊರುಗೋಲು ಊರಿಕೊಂಡ ಅಜ್ಜಿಯಂತೆ ಸುತ್ತಲೂ ಬೇರು ಇಳಿಸಿ ನಿಲ್ಲುತ್ತವೆ. ಎಲ್ಲಕ್ಕಿಂತ ಚೆಂದ ಇದರ ಬೀಜದ ಸಂಗತಿ. ಊರುಗೋಲು ಬೇರಿನ ಜಾತಿಯಲ್ಲಿ ಬೀಜ ತಾಯಿಮರದ ಮೇಲೆಯೇ ಮೊಳೆತು, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತುಬಿದ್ದು, ಬಲಿತ ಮೇಲೆ ಕೆಳಗೆ ಬೀಳುತ್ತದೆ. ಉಪ್ಪುಕೆಸರಿನಲ್ಲಿ ಎಳೆಮೊಳಕೆ ಬದುಕುವುದಿಲ್ಲ ಅಂತ ತಾಯಿಗೆ ಗೊತ್ತು ನೋಡಿ!

ಈಗ ಸಿಗಡಿಗೆ ಬರೋಣ. ನಾವು ತಿನ್ನುವ ಹಲವು ಜಾತಿಯ ಸಿಗಡಿ ಮೊಟ್ಟೆ ಇಡುವುದು ಕಡಲಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಭರತದ ನೀರಿನ ಜೊತೆ ಅಳಿವೆಯೊಳಗೆ ಬಂದು, ಕೆಲವು ತಿಂಗಳು ಅಲ್ಲೇ ತಿಂದುಂಡು ಬೆಳೆದು ಮತ್ತೆ ಕಡಲಿಗೆ ಮರಳುತ್ತವೆ. ಕಾಂಡ್ಲಾ ಬೇರಿನ ಹೆಣಿಗೆಯೊಳಗೆ ದೊಡ್ಡ ಮೀನಿಗೆ ನುಗ್ಗಲು ಆಗುವುದಿಲ್ಲ. ಉದುರಿದ ಎಲೆ ಕೊಳೆತು, ಏಡಿಗಳು ಅದನ್ನು ಚೂರು ಮಾಡಿ, ಮರಿಗಳಿಗೆ ಆಹಾರ ಸಿದ್ಧವಾಗುತ್ತದೆ. ಏಡಿಗೂ ಎಷ್ಟೋ ಬಗೆಯ ಮೀನಿಗೂ ಇದೇ ಆಸರೆ. ಗಿಡ ಕಡಿದರೆ ಮರಿಗಳಿಗೆ ಮರೆಯೂ ಇಲ್ಲ, ಊಟವೂ ಇಲ್ಲ.

ಅಘನಾಶಿನಿಯ ಅಳಿವೆಯಲ್ಲಿ ಇದು ಬರೀ ಸಾರಿನ ಪ್ರಶ್ನೆಯಲ್ಲ. ಇಳಿತದ ಹೊತ್ತಿಗೆ ಸೀರೆ ಎತ್ತಿಕಟ್ಟಿ, ಕೆಸರಿಗಿಳಿದು ಬಳಚು ಹೆಕ್ಕುವ ಹೆಂಗಸರು ಅಲ್ಲಿ ಬಹಳ. ಮಂಗಳೂರಿನವರು ಮರುವಾಯಿ ಅನ್ನುತ್ತಾರಲ್ಲ, ಆ ಜಾತಿಯ ಚಿಪ್ಪುಜೀವಿ ಇದು. ದೋಣಿ ಬೇಡ, ಬಲೆ ಬೇಡ, ಗಂಡಸಿನ ಹಂಗೂ ಬೇಡ. ಹೆಕ್ಕಿದ್ದನ್ನು ಮಾರಿದರೆ ಅಂದಿನ ದುಡ್ಡು ಅಂದೇ ಸೆರಗಿನ ಗಂಟಿಗೆ. ಮಗಳ ಫೀಜು, ಮಗುವಿನ ಔಷಧ ಅದರಲ್ಲಿ ಕಳೆಯುತ್ತದೆ. ಇಂಥ ಸಂಪಾದನೆಗೆ ಯಾವ ಲೆಕ್ಕಪುಸ್ತಕದಲ್ಲೂ ಕಾಲಂ ಇರುವುದಿಲ್ಲ, ಹೋದಾಗಲೂ ಯಾರೂ ಬರೆದಿಡುವುದಿಲ್ಲ.

ಹಾಗಾದರೆ ಗಿಡ ಹೋದದ್ದು ಹೇಗೆ? ಸೌದೆಗೆ, ದನದ ಮೇವಿಗೆ ಕಡಿದದ್ದು ಒಂದಿಷ್ಟು ನಿಜ. ಆದರೆ ಕತ್ತಿ ಹಿಡಿದು ಒಂದು ಹೊರೆ ತರುವ ಬಡವಿಯಿಂದ ಕಾಡು ಮುಗಿಯಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಗಜನಿ ಅಂತ ಭೂಮಿ ಇದೆ. ಹೊಳೆಯಂಚಿಗೆ ಮಣ್ಣಿನ ಒಡ್ಡು ಕಟ್ಟಿ, ಹಲಗೆಯ ತೂಬಿಟ್ಟು, ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ, ಕೊಯ್ಲಾದ ಮೇಲೆ ಅದೇ ನೀರಿನಲ್ಲಿ ಮೀನು ತೆಗೆಯುವ ಪದ್ಧತಿ. ಕಗ್ಗಕ್ಕೆ ಗೊಬ್ಬರ ಬೇಡ, ಔಷಧ ಬೇಡ, ಉಪ್ಪುನೀರನ್ನೂ ತಡೆಯುತ್ತದೆ. ಅದರ ಗಂಜಿಯ ರುಚಿ ಉಂಡವರೇ ಬಲ್ಲರು. ಒಡ್ಡಿನ ಹೊರಮೈಗೆ ಕಾಂಡ್ಲಾ ಇದ್ದರೆ ಅಲೆ ಮಣ್ಣನ್ನು ಕೊರೆಯುವುದಿಲ್ಲ ಎಂದು ಹಿರಿಯರು ಅದನ್ನು ಉಳಿಸಿಕೊಂಡಿದ್ದರು. ಆಮೇಲೆ ಕಲ್ಲು ಕಟ್ಟಿದ ಒಡ್ಡುಗಳು ಬಂದವು. 1990ರ ದಶಕದಲ್ಲಿ ಸಿಗಡಿ ಸಾಕಣೆಯ ಹುಚ್ಚು ಹಿಡಿಯಿತು. ಗದ್ದೆ ಕೊಳವಾಯಿತು, ಕೊಳಕ್ಕೆ ಅಡ್ಡವಾದ ಗಿಡ ಹೋಯಿತು. ಕೆಲವೇ ವರ್ಷಗಳಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಂದು ಎಷ್ಟೋ ಜನ ಸಾಲಕ್ಕೆ ಬಿದ್ದರು. ಕೊಳ ಹಾಳುಬಿತ್ತು, ಕಗ್ಗವೂ ಇಲ್ಲ, ಕಾಂಡ್ಲಾವೂ ಇಲ್ಲ. ಮಾಣಿಕಟ್ಟಾದಂಥ ಕಡೆ ಮಾತ್ರ ರೈತರು ಕಗ್ಗ ಬಿಡದೆ ಬೆಳೆದಿದ್ದಾರೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 1980ರಿಂದ 2005ರೊಳಗೆ ಪ್ರಪಂಚದ ಕಾಂಡ್ಲಾ ಕಾಡಿನಲ್ಲಿ ಐದರಲ್ಲೊಂದು ಪಾಲು ಹೋಯಿತು. 2021ರ ಅರಣ್ಯ ವರದಿಯಲ್ಲಿ ಇಡೀ ಭಾರತಕ್ಕೆ 4,992 ಚದರ ಕಿಲೋಮೀಟರ್. ಅದರಲ್ಲಿ ಪಶ್ಚಿಮ ಬಂಗಾಳದ್ದೇ 2,114. ನಮ್ಮ ಕರ್ನಾಟಕದ್ದು ಎಷ್ಟು ಗೊತ್ತೇ? ಬರೀ 13.

ಬಿರುಗಾಳಿಯ ಮಾತು ಬೇರೆ ಇದೆ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಚಂಡಮಾರುತ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳನ್ನು ಆಮೇಲೆ ಹೋಲಿಸಿ ನೋಡಿದಾಗ, ಕಡಲಿಗೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡು ಉಳಿದಿದ್ದ ಕಡೆ ಸಾವು ಕಡಿಮೆಯಾಗಿತ್ತು. ಕಡಲ್ಕೊರೆತಕ್ಕೆ ವರ್ಷಾ ವರ್ಷಾ ಕಲ್ಲು ಸುರಿಯುವ ನಾವು ಇದನ್ನು ಕೇಳಿಸಿಕೊಳ್ಳಬೇಕು.

ಸಮಾಧಾನದ ಸುದ್ದಿಯೂ ಉಂಟು. 1991ರ ಕರಾವಳಿ ನಿಯಮ ಬಂದಾಗಿನಿಂದ ಕಾಂಡ್ಲಾ ಕಡಿಯುವುದಕ್ಕೆ ಕಾನೂನಿನ ತಡೆ ಇದೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಹೊನ್ನಾವರದ ಹತ್ತಿರ ಅರಣ್ಯ ಇಲಾಖೆಯವರು ಕಾಂಡ್ಲಾ ನಡುವೆ ಕಾಲುಹಾದಿ ಕಟ್ಟಿಸಿದ್ದಾರೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಪೆನ್ಸಿಲ್ ಬೇರು ತೋರಿಸಿ. ತಿಂಡಿ ಕಟ್ಟಿಕೊಂಡು ಹೋದ ಪ್ಲಾಸ್ಟಿಕ್ ಚೀಲ ಮಾತ್ರ ಮನೆಗೇ ವಾಪಸು ತನ್ನಿ. ಅದು ಹೋಗಿ ಉಸಿರಾಡುವ ಬೇರಿಗೆ ಸುತ್ತಿಕೊಂಡರೆ ಗಿಡ ಉಸಿರುಕಟ್ಟಿ ಸಾಯುತ್ತದೆ.

ಕರಾವಳಿಯ ಸ್ತ್ರೀಶಕ್ತಿ ಸಂಘದವರು, ಯುವತಿ ಮಂಡಳದವರು ಮನಸ್ಸು ಮಾಡಿದರೆ ನೆಡುವ ಕೆಲಸವೂ ಕಷ್ಟದ್ದೇನಲ್ಲ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು, ಬಲಿತು ಬಿದ್ದ ಕೋಡುಗಳನ್ನು ಆರಿಸಿ, ಇಳಿತದ ಹೊತ್ತಿನಲ್ಲಿ ಬುಡ ಕೆಳಗಾಗಿ ಕೆಸರಿಗೆ ಚುಚ್ಚಿದರಾಯಿತು. ಆದರೆ ಉತ್ಸಾಹದಲ್ಲಿ ಖಾಲಿ ಕಂಡಲ್ಲೆಲ್ಲ ನೆಡಬೇಡಿ. ನಮಗೆ ಖಾಲಿ ಕಾಣುವ ಕೆಸರುಬಯಲೇ ಬಳಚು ಹೆಕ್ಕುವವರ ಗದ್ದೆ. ಮೊದಲು ಆ ಹೆಂಗಸರನ್ನು ವಿಚಾರಿಸಿ. ಒಡ್ಡಿನ ಹೊರಮೈ, ಪಾಳುಬಿದ್ದ ಸಿಗಡಿ ಕೊಳದ ಅಂಚು, ಕೊರೆದುಹೋದ ಹೊಳೆದಂಡೆ, ಹೀಗೆ ನೆಡಬಹುದಾದ ಜಾಗ ಯಾವುದೆಂದು ಅವರೇ ಬೆರಳು ತೋರಿಸಿ ಹೇಳುತ್ತಾರೆ.